ಹಾಲು ಹಲ್ಲು, ಹಾಲಲ್ಲಿ ಹಲ್ಲು

ಅವಳ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಆ ಮೂರು ಮಹಡಿಯ ಹಲ್ಲಿನ ಆಸ್ಪತ್ರೆಯಲ್ಲಿ ದೊಡ್ಡ ಡಾಕ್ಟರಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರಿಗೂ ಅವಳು ಬಾಯಕ್ಕ. ಬಾಯಿಯ ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು ಎಂಬುದು ಒಂದು ಕಾರಣ. ಅವಳ ಬಾಯಿ ಒಂದು ಗಳಿಗೆಯೂ ಸುಮ್ಮನಿರುವುದಿಲ್ಲ ಎಂಬುದು ಇನ್ನೊಂದು. ಯಾವ ಕಾರಣಕ್ಕೆ ಆ ಹೆಸರು ಬಂತು ಎಂದು ಕೇಳಿದರೆ, ಎರಡನೆಯದಕ್ಕೇ ಎಂದು ಅವಳೇ ನಗುತ್ತಿದ್ದಳು. ಗಂಡ ಲೇತ್ ಮೆಷಿನ್ನಿನ ಸದ್ದಿನಲ್ಲಿ ದುಡಿದು ದುಡಿದು ಅರ್ಧ ಕಿವುಡನಾದವನು. ಮನೆಯಲ್ಲಿ ಒಂದು ಮಾತು ಅವನಿಗೆ ಮುಟ್ಟಬೇಕಾದರೆ ಮೂರು ಸಲ ಕೂಗಬೇಕು. ಹಾಗೆ ಪಳಗಿದ ಗಂಟಲು ಆಸ್ಪತ್ರೆಯಲ್ಲಿ ತಗ್ಗುವುದುಂಟೇ?

ಮೊದಲ ಹನ್ನೊಂದು ವರ್ಷ ಅವಳು ಅಲ್ಲಿ ನೆಲ ಒರೆಸಿದಳು. ಬೆಳಗ್ಗೆ ಏಳಕ್ಕೆಲ್ಲ ಬಂದು, ಒಂದೊಂದೇ ವಿಭಾಗದ ಬಾಗಿಲು ತೆಗೆದು, ರೋಗಿಗಳು ಉಗುಳುವ ಬಟ್ಟಲುಗಳನ್ನು ಉಜ್ಜಿ ತೊಳೆದು, ಆಮೇಲೆ ನೆಲಕ್ಕಿಳಿಯುತ್ತಿದ್ದಳು. ನೆಲ ಒರೆಸುವವರ ಎದುರು ಯಾರೂ ಮಾತು ಮುಚ್ಚಿಡುವುದಿಲ್ಲ. ಡಾಕ್ಟರುಗಳು ಕಲಿಯಲು ಬಂದವರಿಗೆ ಪಾಠ ಹೇಳುತ್ತಿದ್ದರೆ ಇವಳು ಒಂದೇ ಜಾಗವನ್ನು ನಾಲ್ಕು ಸಲ ಒರೆಸುತ್ತಾ ಕಿವಿ ನೆಟ್ಟಗೆ ಮಾಡಿಕೊಂಡು ಕೇಳುತ್ತಿದ್ದಳು. ಒಂದು ದಿನ ವಿಚಾರಣೆಯ ಗುಮಾಸ್ತರು ಹೇಳದೆ ಕೇಳದೆ ರಜೆ ಹಾಕಿದರು. ಜನರ ಸಾಲು ಗೇಟು ದಾಟಿ ರಸ್ತೆಗೆ ಹೋಗಿತ್ತು. ಇವಳು ಒರೆಸುವ ಕೋಲನ್ನು ಗೋಡೆಗೆ ಒರಗಿಸಿ, ಕೈ ತೊಳೆದು, ಗಾಜಿನ ಕಿಂಡಿಯ ಹಿಂದೆ ಹೋಗಿ ಕೂತೇಬಿಟ್ಟಳು. ಮಧ್ಯಾಹ್ನದ ಹೊತ್ತಿಗೆ ನೂರಕ್ಕೂ ಹೆಚ್ಚು ಜನರಿಗೆ ಚೀಟಿ ಬರೆದು ಕಳಿಸಿದ್ದಳು. ತಪ್ಪು ಕೋಣೆಗೆ ಹೋಗಿ ವಾಪಸು ಬಂದವರು ಒಬ್ಬರೂ ಇರಲಿಲ್ಲ. ದೊಡ್ಡ ಡಾಕ್ಟರು ಮಹಡಿ ಇಳಿದು ಬಂದು ನೋಡಿ, ಗುಮಾಸ್ತರನ್ನು ದಾಖಲೆ ಕೋಣೆಗೆ ಹಾಕುತ್ತೇವೆ, ನೀನಿನ್ನು ಇಲ್ಲಿಂದ ಏಳಬೇಡ ಎಂದರು.

ಅವಳ ಗುಟ್ಟು ಬಹಳ ಸರಳ. ಏನಾಗಿದೆ ಎಂದು ಕೇಳಿದರೆ ಜನ ಪುರಾಣ ಬಿಚ್ಚುತ್ತಾರೆ. ಎಲ್ಲಿ ನೋವು ತೋರಿಸಿ ಎಂದರೆ ಕೈ ಸುಳ್ಳು ಹೇಳುವುದಿಲ್ಲ. ಒಂದೇ ಬೆರಳಿನ ತುದಿ ಒಂದೇ ಹಲ್ಲಿನ ಮೇಲೆ ನಿಂತರೆ ಎರಡನೇ ಮಹಡಿ, ಹುಳುಕು ತೆಗೆದು ಬೇರಿನ ಒಳಗಿನ ಕೊಳೆ ಶುದ್ಧ ಮಾಡುವವರ ಹತ್ತಿರ. ಬೆರಳು ಹಲ್ಲಿನ ಸಾಲಿನುದ್ದಕ್ಕೂ ಜಾರಿದರೆ, ಹಲ್ಲುಜ್ಜುವಾಗ ರಕ್ತ ಬರುತ್ತಾ ಎಂದು ಕೇಳಿ ಒಸಡಿನ ಡಾಕ್ಟರ ಹತ್ತಿರ. ಇಡೀ ಅಂಗೈ ಕಿವಿಯ ಮುಂದೆ ಕೂತರೆ ಅದು ದವಡೆಯ ಕೀಲಿನ ಕತೆ. ಬಾಯಿ ಅರ್ಧಕ್ಕಿಂತ ಹೆಚ್ಚು ತೆರೆಯದವರನ್ನೂ, ಕೆನ್ನೆಯೊಳಗೆ ಬಿಳಿ ಮಚ್ಚೆ ಇದೆ ಎನ್ನುವವರನ್ನೂ ಅವಳು ಸಾಲಿನಲ್ಲಿ ನಿಲ್ಲಿಸುತ್ತಲೇ ಇರಲಿಲ್ಲ. ಎದ್ದು ತಾನೇ ಕರೆದುಕೊಂಡು ಹೋಗಿ, ಬಾಯಿಯ ಕಾಯಿಲೆ ಪತ್ತೆ ಹಚ್ಚುವ ಡಾಕ್ಟರ ಎದುರು ಕೂರಿಸಿ ಬರುತ್ತಿದ್ದಳು.

ಅವಳಿಗೆ ಮೈ ಉರಿಯುತ್ತಿದ್ದುದು ಒಂದೇ ಮಾತಿಗೆ: ಹಲ್ಲಿನ ಡಾಕ್ಟರೆಂದರೆ ಹಲ್ಲು ಕೀಳುವವರು ಅಷ್ಟೇ ತಾನೇ ಎಂಬ ಮಾತಿಗೆ. ಕಣ್ಣಿಗೊಬ್ಬರು, ಮೂಳೆಗೊಬ್ಬರು ಡಾಕ್ಟರು ಎಂದರೆ ತಲೆಯಾಡಿಸುತ್ತೀರಿ, ಬಾಯಿ ಎಂದರೆ ಮಾತ್ರ ಎಲ್ಲ ಒಂದೇ ಚಿಮಟದ ಕೆಲಸವೇ ಎಂದು ಶುರು ಮಾಡಿದರೆ ಮುಗಿಯಿತು, ಹಿಂದಿನವರು ಕಾಯಬೇಕು. ಕೀಳುವ ವಿಭಾಗದವರೇ ಅಪಘಾತದಲ್ಲಿ ಮುರಿದ ದವಡೆಯನ್ನು ತಂತಿ ಕಟ್ಟಿ ಕೂಡಿಸಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಕ್ಲಿಪ್ಪಿನ ಡಾಕ್ಟರು ಎರಡು ವರ್ಷ ಒಂದೇ ಬಾಯಿಯನ್ನು ತಿದ್ದುವ ತಾಳ್ಮೆ ತನ್ನ ಸಂಸಾರದಲ್ಲೂ ಯಾರಿಗೂ ಇಲ್ಲ ಎನ್ನುತ್ತಿದ್ದಳು. ಇನ್ನು ಹಲ್ಲು ಕಟ್ಟುವವರ ವಿಷಯಕ್ಕೆ ಬಂದರೆ ಸಾಕ್ಷಿ ಮನೆಯಲ್ಲೇ ಇತ್ತು. ಅತ್ತೆಗೆ ಪೂರ್ತಿ ಸೆಟ್ಟು ಮಾಡಿಸಿ ಕೊಟ್ಟವಳು ಇವಳೇ. ಹಲ್ಲು ಬಂದ ಮೇಲೆ ಅತ್ತೆಯ ಮಾತು ಇನ್ನಷ್ಟು ಹರಿತವಾಗಿ, ಅದರ ಮೊದಲ ಪೆಟ್ಟು ಸೊಸೆಗೇ ಬಿತ್ತು. ಕೈಯಾರೆ ತಂದುಕೊಂಡದ್ದು ಎಂದು ಅವಳು ಕಿಂಡಿಯಲ್ಲಿ ಕೂತು ಎಲ್ಲರಿಗೂ ಹೇಳಿ ನಗುತ್ತಿದ್ದಳು.

ಒಂದು ಕಟ್ಟುನಿಟ್ಟು ಮಾತ್ರ ಇತ್ತು. ಮೇಜಿನ ಮೇಲಿನ ಫೋನಿನಲ್ಲಿ ವೇಳೆ ಮತ್ತು ಕೋಣೆಯ ನಂಬರು ಬಿಟ್ಟು ಬೇರೇನೂ ಹೇಳಕೂಡದು. ಅವಳು ಡಾಕ್ಟರಲ್ಲ. ಅವಳಿಗೂ ಅದು ಗೊತ್ತಿತ್ತು, ಒಂಬತ್ತು ವರ್ಷ ಆ ಗೆರೆ ದಾಟಿರಲಿಲ್ಲ.

ಆ ದಿನ ಹತ್ತೂ ಮುಕ್ಕಾಲಿಗೆ ಫೋನು ಬಡಿದುಕೊಂಡಾಗ ಕಿಂಡಿಯ ಮುಂದೆ ನಲವತ್ತು ಜನ ನಿಂತಿದ್ದರು. ಹಲ್ಲು ಕೊರೆಯುವ ಯಂತ್ರಗಳಿಗೆ ಗಾಳಿ ಕೊಡುವ, ಮೆಟ್ಟಿಲ ಕೆಳಗಿನ ಗಾಳಿ ಪಂಪು ಎಂದಿನಂತೆ ಗುಡುಗುತ್ತಿತ್ತು. ಆ ಕಡೆಯಿಂದ ಮಾತಾಡಿದ್ದು ಹತ್ತಿರದ ಶಾಲೆಯೊಂದರ ಆಟದ ಮೇಷ್ಟ್ರು. ಓಟದಲ್ಲಿ ಇಬ್ಬರು ಹುಡುಗಿಯರು ಡಿಕ್ಕಿ ಹೊಡೆದುಕೊಂಡಿದ್ದಾರೆ, ಒಬ್ಬಳ ಮೇಲಿನ ಮುಂದಿನ ಹಲ್ಲು ಕಿತ್ತು ಬಂದಿದೆ, ಮೂರೋ ನಾಲ್ಕೋ ನಿಮಿಷ ಆಯಿತು ಎಂದು ಏದುಸಿರಿನಲ್ಲಿ ಹೇಳಿದರು. ಮುರಿದಿದೆಯೋ, ಬೇರು ಸಮೇತ ಬಂದಿದೆಯೋ ಎಂದು ಬಾಯಕ್ಕ ಕೇಳಿದಳು. ಬೇರು ಸಮೇತ, ತಮ್ಮ ಕರವಸ್ತ್ರದಲ್ಲೇ ಇದೆ ಎಂದರು. ಹುಡುಗಿಗೆ ಒಂಬತ್ತು ವರ್ಷ ಎಂದರು.

ಬಾಯಕ್ಕನ ಕೈಯಲ್ಲಿದ್ದ ಪೆನ್ನು ನಿಂತಿತು. ಎಷ್ಟೋ ವರ್ಷದ ಹಿಂದೆ, ನಾಲ್ಕನೇ ಸಲ ಒರೆಸಿದ ನೆಲದ ಮೇಲೆ ನಿಂತು ಕೇಳಿದ ಪಾಠ ಒಂದಕ್ಷರ ಬಿಡದೆ ನೆನಪಾಯಿತು. ಏಳೆಂಟು ವರ್ಷಕ್ಕೆ ಬರುವ ಮುಂದಿನ ಹಲ್ಲು ಜೀವಮಾನಕ್ಕೆ ಬರುವುದು ಒಂದೇ ಸಲ. ಅದು ಬಿದ್ದರೆ ಒಣಗಲು ಬಿಡದೆ ಹಾಲಿನಲ್ಲಿ ಹಾಕಿ, ಒಂದು ಗಂಟೆಯೊಳಗೆ ತಂದರೆ ಅದೇ ಗೂಡಿನಲ್ಲಿ ಮತ್ತೆ ಕೂರಿಸಬಹುದು. ಡಾಕ್ಟರನ್ನು ಕರೆದು ತಂದು ಫೋನು ಕೊಡುವಷ್ಟು ಹೊತ್ತು ಎಲ್ಲಿದೆ? ಅವಳು ಗೆರೆ ದಾಟಿದಳು.

"ಹಾಲಲ್ಲಿ ಹಲ್ಲು ಹಾಕಿ ಬನ್ನಿ," ಎಂದಳು. "ಬೇಗ ಬನ್ನಿ."

ಆ ಕಡೆಯಿಂದ ಸಮಾಧಾನದ ಉಸಿರು ಕೇಳಿಸಿತು. ಸರಿ ಮೇಡಂ, ಈಗಲೇ ಹೊರಟೆವು ಎಂದು ಫೋನು ಇಟ್ಟರು. ಎಷ್ಟು ಚುರುಕಿನ ಮೇಷ್ಟ್ರು ಎಂದುಕೊಂಡಳು ಬಾಯಕ್ಕ.

ಆಮೇಲೆ ಅವಳು ಕೂತಲ್ಲಿ ಕೂರಲಿಲ್ಲ. ಸಾಲಿನವರು ಗೊಣಗುತ್ತಿದ್ದರೂ ಕಿಂಡಿ ಮುಚ್ಚಿ, ಸೀರೆ ಎತ್ತಿ ಸಿಕ್ಕಿಸಿಕೊಂಡು ಮೊದಲನೇ ಮಹಡಿಯ ಮಕ್ಕಳ ವಿಭಾಗಕ್ಕೆ ಎರಡೆರಡು ಮೆಟ್ಟಿಲು ಹತ್ತಿದಳು. ಅಲ್ಲಿಯ ಡಾಕ್ಟರಮ್ಮ ಒಬ್ಬ ಪುಟ್ಟನನ್ನು ಪುಸಲಾಯಿಸುತ್ತಿದ್ದರು. ವಿಷಯ ಕೇಳಿದ್ದೇ ಅವರ ಮುಖ ಬದಲಾಯಿತು. ಕುರ್ಚಿ ಖಾಲಿ ಮಾಡಿಸಿದರು, ತಂತಿ, ಅಂಟು, ಸೂಜಿ ದಾರ ಎಲ್ಲ ತೆಗೆಸಿದರು, ಎಕ್ಸ್‌ರೇ ಕೋಣೆಗೆ ಹೇಳಿ ಕಳಿಸಿದರು. ಒಸಡು ಹರಿದಿದ್ದರೆ ಬೇಕಾಗುತ್ತದೆ ಎಂದು ಒಸಡಿನ ಡಾಕ್ಟರಿಗೂ, ಬೇರಿನ ಸ್ಥಿತಿ ನೋಡಲು ಬೇರಿನ ಡಾಕ್ಟರಿಗೂ ಕರೆ ಹೋಯಿತು. ಯಾವತ್ತೂ ರೋಗಿಗಳು ಚೀಟಿ ಹಿಡಿದು ಕೋಣೆ ಹುಡುಕಿಕೊಂಡು ಅಲೆಯಬೇಕು. ಆ ದಿನ ಮಾತ್ರ ಕೋಣೆಗಳೇ ಎದ್ದು ಒಂದು ಕುರ್ಚಿಯ ಸುತ್ತ ಬರುತ್ತಿದ್ದವು. ಬಾಯಕ್ಕನಿಗೆ ಖುಷಿಯಿಂದ ಎದೆ ಹೊಡೆದುಕೊಳ್ಳುತ್ತಿತ್ತು. ಇಷ್ಟಕ್ಕೆಲ್ಲ ಕಾರಣ ತನ್ನ ಒಂದು ಮಾತು ಎಂಬ ಹೆಮ್ಮೆಯೂ ಇತ್ತು ಎಂದು ಆಮೇಲೆ ಅವಳೇ ಒಪ್ಪಿಕೊಂಡಳು.

ಆಟೋ ಬಂದು ನಿಂತಾಗ ಹನ್ನೊಂದು ಗಂಟೆ ಆಗಲು ಎರಡು ನಿಮಿಷ ಇತ್ತು. ಮೇಷ್ಟ್ರು ಇಳಿದರು. ಬಾಯಿಗೆ ಬಟ್ಟೆ ಒತ್ತಿ ಹಿಡಿದ ತೆಳ್ಳಗಿನ ಹುಡುಗಿ ಇಳಿದಳು. ಮೊಣಕಾಲಿನ ತುಂಬ ಮಣ್ಣು, ಕಣ್ಣಿನ ತುಂಬ ನೀರು. ಬಾಯಕ್ಕ ಓಡಿ ಹೋಗಿ ಎರಡೂ ಕೈ ಚಾಚಿ ಹಲ್ಲೆಲ್ಲಿ ಎಂದಳು.

ಮೇಷ್ಟ್ರು ತಬ್ಬಿಬ್ಬಾದರು. "ನೀವೇ ಹೇಳಿದ್ರಲ್ಲ ಮೇಡಂ, ಹಾಲು ಹಲ್ಲು, ಹಾಗೇ ಬನ್ನಿ ಅಂತ."

ಬಾಯಕ್ಕನ ಬಾಯಿ ತೆರೆದದ್ದು ತೆರೆದೇ ಇತ್ತು. ಹಾಲಲ್ಲಿ ಹಲ್ಲು ಹಾಕಿ ಬನ್ನಿ. ಹಾಲು ಹಲ್ಲು, ಹಾಗೇ ಬನ್ನಿ. ನಡುವೆ ಒಂದು ಗಾಳಿ ಪಂಪು. ಪಾಪ, ಮೇಷ್ಟ್ರ ತಪ್ಪೇನು? ಆ ಶಾಲೆಯಲ್ಲಿ ದಿನಕ್ಕೊಂದು ಹಾಲು ಹಲ್ಲು ಬೀಳುತ್ತದೆ. ಆಸ್ಪತ್ರೆಯವರೇ ಹೇಳಿದ ಮೇಲೆ ಅದನ್ನು ಇಟ್ಟುಕೊಂಡು ಏನು ಮಾಡುವುದು ಎಂದು ಕರವಸ್ತ್ರ ಕೊಡವಿ, ಆಟದ ಸಾಮಾನಿನ ಕೋಣೆಯ ಮುಂದಿನ ಕಸದ ಬುಟ್ಟಿಗೆ ಹಾಕಿ ಬಂದಿದ್ದರು.

ಹುಡುಗಿಯನ್ನು ಮೇಲೆ ಕಳಿಸಿ, ಮೇಷ್ಟ್ರು ಶಾಲೆಯ ಆಯಾಗೆ ಫೋನು ಹಚ್ಚಿದರು. ಬಾಯಕ್ಕ ಅದನ್ನು ಕಸಿದುಕೊಂಡು, ಗಾಳಿ ಪಂಪಿನಿಂದ ದೂರ ಗೇಟಿನ ಹತ್ತಿರ ಓಡಿದಳು. ಆಯಾ ಆಗಷ್ಟೇ ಆ ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ಕಸದ ತೊಟ್ಟಿಯ ಕಡೆ ಹೊರಟಿದ್ದಳಂತೆ. ಇನ್ನು ಹತ್ತು ಹೆಜ್ಜೆ ನಡೆದಿದ್ದರೆ ಮುಗಿದುಹೋಗಿತ್ತು. ಅಲ್ಲೇ ನಿಲ್ಲು ತಾಯಿ ಎಂದು ಬಾಯಕ್ಕ ಕೂಗಿದ ಕೂಗಿಗೆ ಗೇಟಿನ ಕಾವಲುಗಾರನೂ ಎದ್ದು ನಿಂತ.

ಬುಟ್ಟಿಯನ್ನು ಹಳೆಯ ಪೇಪರಿನ ಮೇಲೆ ಸುರಿಯಲು ಹೇಳಿದಳು. ಸುರಿದರೆ ಪೆನ್ಸಿಲ್ ಹೆರೆದ ಚೂರು, ಹರಿದ ಶೂ ದಾರ, ಮತ್ತೆ ಸೀಮೆಸುಣ್ಣದ ತುಂಡುಗಳು. ಎಲ್ಲ ಬಿಳಿ, ಎಲ್ಲ ಹಲ್ಲಿನಷ್ಟೇ ಉದ್ದ. ಆಯಾ ಒಂದೊಂದನ್ನೇ ಹೆಕ್ಕಿ ಇದು ಸೀಮೆಸುಣ್ಣ, ಇದೂ ಸೀಮೆಸುಣ್ಣ ಎನ್ನುತ್ತಿದ್ದರೆ ಇಲ್ಲಿ ಬಾಯಕ್ಕನ ಜೀವ ಬಾಯಿಗೆ ಬಂದಿತ್ತು. ಹನ್ನೊಂದನೆಯದೋ ಹನ್ನೆರಡನೆಯದೋ ತುಂಡಿಗೆ ಆಯಾ ಮಾತು ನಿಲ್ಲಿಸಿದಳು. ಇದಕ್ಕೆ ರಕ್ತ ಇದೆ ಎಂದಳು.

ಈಗ ಬಾಯಕ್ಕನಿಗೆ ಎಲ್ಲಿಲ್ಲದ ಹೆದರಿಕೆ ಹಿಡಿಯಿತು. ಬೆಳ್ಳಗಿನ ತುದಿಯನ್ನೇ ಹಿಡಿ, ಬೇರನ್ನು ಮುಟ್ಟಬೇಡ, ನಲ್ಲಿಯ ನೀರಲ್ಲಿ ಹತ್ತು ಎಣಿಸುವಷ್ಟು ಹೊತ್ತು ಹಿಡಿ, ಉಜ್ಜಬೇಡ ಎಂದು ಡಾಕ್ಟರಮ್ಮ ಮಹಡಿಯ ಕಿಟಕಿಯಿಂದ ಕೂಗಿ ಹೇಳಿದ್ದನ್ನೆಲ್ಲ ದಾಟಿಸಿದಳು. ಆದರೆ ಆ ಒಂದು ಶಬ್ದ ಮಾತ್ರ ನಾಲಿಗೆಗೆ ಬರಲೊಲ್ಲದು. ಮತ್ತೆ ಹಾಲು ಎಂದರೆ ಮತ್ತೇನು ಕೇಳಿಸುತ್ತದೋ!

"ಹಸು ಕೊಡುತ್ತಲ್ಲ, ಬೆಳ್ಳಗಿರುತ್ತೆ, ಟೀಗೆ ಹಾಕ್ತಾರೆ, ಅದನ್ನ ಒಂದು ಲೋಟದಲ್ಲಿ ತಗೋ. ಬಿಸಿ ಬೇಡ, ತಣ್ಣಗಿರ್ಲಿ," ಎಂದಳು.

"ಹಾಲು ಅನ್ನಿ," ಎಂದಳು ಆಯಾ. "ಅದಕ್ಯಾಕಮ್ಮ ಇಷ್ಟು ಸುತ್ತಿ ಬಳಸಿ ಹೇಳ್ತೀರಿ?"

ಹಾಲಿಗೆ ಹಲ್ಲನ್ನು ಬಿಟ್ಟದ್ದಾಯಿತು ಎಂದು ಆಯಾ ಮೂರು ಸಲ ಒಪ್ಪಿಸಿದ ಮೇಲೆಯೇ ಬಾಯಕ್ಕ ಫೋನು ಇಟ್ಟಳು. ಆಗ ಹನ್ನೊಂದು ದಾಟಿ ಎಂಟು ನಿಮಿಷ. ಹಲ್ಲು ಹೊರಗೆ ಒಣಗಿದ್ದು ಅರ್ಧ ಗಂಟೆಗೆ ತುಸು ಕಡಿಮೆ ಎಂದು ಲೆಕ್ಕ ಹಾಕಿ, ಗೇಟಿನಲ್ಲೇ ನಿಂತು, ಬಂದ ಪ್ರತಿಯೊಂದು ಆಟೋಗೂ ಬಗ್ಗಿ ನೋಡಿದಳು. ಹನ್ನೊಂದೂ ಇಪ್ಪತ್ತೈದಕ್ಕೆ ಆಯಾ ಬಂದಳು. ಸ್ಟೀಲ್ ಲೋಟದ ಮೇಲೆ ಅಂಗೈ ಮುಚ್ಚಿ ಹಿಡಿದಿದ್ದಳು, ಅರ್ಧ ಹಾಲು ಅವಳ ಸೀರೆಯ ಮೇಲಿತ್ತು. ಇಬ್ಬರೂ ಆ ಲೋಟಕ್ಕೆ ನಾಲ್ಕು ಕೈ ಹಾಕಿಕೊಂಡು ಮೆಟ್ಟಿಲು ಹತ್ತಿದರು.

ಡಾಕ್ಟರಮ್ಮ ಲೋಟದೊಳಗೆ ನೋಡಿ ತಲೆಯಾಡಿಸಿದರು. ಹುಡುಗಿಯ ಒಸಡಿಗೆ ಆಗಲೇ ಮರಗಟ್ಟುವ ಇಂಜೆಕ್ಷನ್ ಆಗಿತ್ತು, ಗೂಡನ್ನು ತೊಳೆದು ಸಿದ್ಧ ಮಾಡಿದ್ದರು. ಹಲ್ಲನ್ನು ತುದಿಯಲ್ಲಿ ಹಿಡಿದೆತ್ತಿ, ಮೆಲ್ಲಗೆ ಒತ್ತಿದರು. ಅದು ತನ್ನ ಜಾಗ ಗುರುತಿಸಿದಂತೆ ಒಳಗೆ ಹೋಯಿತು. ಪಕ್ಕದ ಹಲ್ಲುಗಳ ಜೊತೆ ಕೂದಲೆಳೆಯಂಥ ತಂತಿ ಇಟ್ಟು ಅಂಟಿಸಿದರು. ಒಸಡಿನ ಡಾಕ್ಟರು ಹರಿದಲ್ಲಿ ಎರಡು ಹೊಲಿಗೆ ಹಾಕಿದರು. ಬೇರಿನ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಬೇರಿನ ತುದಿ ಇನ್ನೂ ಪೂರ್ತಿ ಮುಚ್ಚಿಲ್ಲ, ಹಾಗಾಗಿ ರಕ್ತನಾಳ ಮತ್ತೆ ಒಳಗೆ ಬೆಳೆದು ಹಲ್ಲಿಗೆ ಜೀವ ಬಂದರೂ ಬರಬಹುದು ಎಂದರು. ಬಾರದೆ ಹೋದರೆ ಹಲ್ಲು ಕಪ್ಪಾಗುತ್ತದೆ, ಬೇರಿನ ಚಿಕಿತ್ಸೆ ಮಾಡಬೇಕಾಗುತ್ತದೆ, ಕೊನೆಗೆ ಉಳಿಯದೆಯೂ ಹೋಗಬಹುದು. ಒಣಗಿದ ಒಂದೊಂದು ನಿಮಿಷಕ್ಕೂ ಬೆಲೆ ಇದೆ ಎಂದರು.

ಆಗ ಡಾಕ್ಟರಮ್ಮ ಗ್ಲೌಸ್ ತೆಗೆಯುತ್ತಾ, ಇದು ಹಾಲು ಹಲ್ಲು ಎಂದು ಮೇಷ್ಟ್ರಿಗೆ ಹೇಳಿದ್ದು ಯಾರು ಎಂದು ಸಿಟ್ಟಿನಿಂದಲೇ ಕೇಳಿದರು. ಮೇಷ್ಟ್ರು ನೆಲ ನೋಡಿದರು. ತಮಗೇ ಸರಿಯಾಗಿ ಕೇಳಿಸಲಿಲ್ಲ ಎಂದು ಏನೋ ಶುರು ಮಾಡಿದರು. ದರ್ಜಿ ಕೆಲಸ ಬಿಟ್ಟು ಓಡಿ ಬಂದ ಹುಡುಗಿಯ ತಾಯಿ, ಕೊರಳಿನ ಅಳತೆ ಟೇಪನ್ನೂ ತೆಗೆಯದೆ, ಬಾಗಿಲಲ್ಲಿ ನಿಂತು ಎಲ್ಲರ ಮುಖವನ್ನೂ ನೋಡುತ್ತಿದ್ದಳು.

"ನಾನೇ ಡಾಕ್ಟ್ರೇ," ಎಂದಳು ಬಾಯಕ್ಕ. "ನಾನು ಹೇಳಿದ್ದು ಬೇರೆ, ಅವ್ರಿಗೆ ಕೇಳ್ಸಿದ್ದು ಬೇರೆ. ಆದ್ರೆ ಬಾಯಿ ನಂದೇ."

ಸಂಜೆ ಮನೆಯಲ್ಲಿ ಇದನ್ನೆಲ್ಲ ಹೇಳಿ ಕಣ್ಣೊರೆಸಿಕೊಂಡಾಗ ಗಂಡ, ಹಾಲು ಚೆಲ್ಲಿದ್ದಕ್ಕೆ ಅಳುತ್ತಾರಾ ಎಂದು ಸಮಾಧಾನ ಮಾಡಿದ. ಅವನಿಗೆ ಅಷ್ಟೇ ಕೇಳಿಸಿತ್ತು. ಅತ್ತೆ ಮಾತ್ರ ಮೊದಲಿನಿಂದ ಕೊನೆಯವರೆಗೆ ಕೇಳಿ, ಕಟ್ಟಿಸಿಕೊಂಡ ಹಲ್ಲನ್ನು ಒಮ್ಮೆ ನಾಲಿಗೆಯಿಂದ ಸರಿ ಮಾಡಿಕೊಂಡು, "ಇವನಿಗೆ ಮೂರ್ ಸಲ ಹೇಳ್ತೀಯ. ಆ ಮೇಷ್ಟ್ರಿಗ್ಯಾಕೆ ಒಂದೇ ಸಲ ಹೇಳ್ದೆ?" ಎಂದರು. ಬಾಯಕ್ಕನಿಗೆ ಅದು ನೆಟ್ಟಗೆ ಎದೆಗೆ ತಾಗಿತು. ಜೋರಾಗಿ ಹೇಳುವುದು ತನಗೆ ಗೊತ್ತಿತ್ತು, ಹೇಳಿದ್ದು ಮುಟ್ಟಿತೇ ಎಂದು ಕೇಳುವುದನ್ನು ಹೊರಗಿನವರ ವಿಷಯದಲ್ಲಿ ಮರೆತಿದ್ದಳು.

ದೊಡ್ಡ ಡಾಕ್ಟರು ಬೈಯಬೇಕಾದಷ್ಟು ಬೈದರು. ಬೈದು ಮುಗಿಸಿ, ಗಾಳಿ ಪಂಪನ್ನು ಕಟ್ಟಡದ ಹಿಂದಕ್ಕೆ ಹಾಕಿಸಿದರು. ಹಲ್ಲು ಬಿದ್ದ ಮಕ್ಕಳ ಫೋನು ಬಂದರೆ ಏನು ಹೇಳಬೇಕೆಂದು ಡಾಕ್ಟರಮ್ಮನ ಕೈಯಲ್ಲಿ ಬರೆಸಿ ಮೇಜಿನ ಗಾಜಿನ ಕೆಳಗೆ ಇಡಿಸಿದರು. ಮೊದಲು ಲೋಟ ತಗೊಳ್ಳಿ, ತಗೊಂಡ್ರಾ. ಈಗ ಅದಕ್ಕೆ ಹಾಲು ಹಾಕಿ, ಹಾಕಿದ್ರಾ ಎಂದು ಒಂದೊಂದೇ ಮೆಟ್ಟಿಲು. ಆ ಕಡೆಯವರ ಬಾಯಲ್ಲಿ ಉತ್ತರ ಬರುವವರೆಗೆ ಮುಂದಿನ ಸಾಲು ಓದುವಂತಿಲ್ಲ.

ಎರಡು ವಾರಕ್ಕೆ ತಂತಿ ಬಿಚ್ಚಿದರು. ಹಲ್ಲು ಗಟ್ಟಿಯಾಗಿ ನಿಂತಿತ್ತು. ಆದರೆ ಜೀವ? ಅದನ್ನು ನೋಡುವುದು ಬೇರಿನ ಡಾಕ್ಟರ ಕೆಲಸ. ಹತ್ತಿಯ ಉಂಡೆಯನ್ನು ಮಂಜಿನಷ್ಟು ತಣ್ಣಗೆ ಮಾಡಿ ಹಲ್ಲಿಗೆ ಮುಟ್ಟಿಸುತ್ತಾರೆ. ಜೀವ ಇದ್ದರೆ ಜುಂ ಎನ್ನುತ್ತದೆ, ಇಲ್ಲದಿದ್ದರೆ ಏನೂ ಗೊತ್ತಾಗುವುದಿಲ್ಲ. ಒಂದೂವರೆ ತಿಂಗಳಿಗೆ ಮುಟ್ಟಿಸಿದಾಗ ಹುಡುಗಿ ಸುಮ್ಮನೆ ಕೂತಿದ್ದಳು. ಮೂರನೇ ತಿಂಗಳಲ್ಲೂ ಸುಮ್ಮನೆ ಕೂತಿದ್ದಳು. ಬಣ್ಣ ಕೆಟ್ಟಿರಲಿಲ್ಲ, ಎಕ್ಸ್‌ರೇಯಲ್ಲಿ ಕೆಡುಕು ಕಾಣಲಿಲ್ಲ, ಇನ್ನೊಂದು ಸಲ ನೋಡೋಣ ಎಂದರು ಬೇರಿನ ಡಾಕ್ಟರು. ಅವರ ದನಿಯಲ್ಲಿ ಮೊದಲಿನ ಭರವಸೆ ಇರಲಿಲ್ಲ. ಬಾಯಕ್ಕ ಆ ಹುಡುಗಿಯ ಚೀಟಿ ಬರೆಯುವಾಗ ಪ್ರತಿಸಲ ಕೈ ಭಾರವಾಗುತ್ತಿತ್ತು. ತಾಯಿ ಒಂದು ಮಾತೂ ಆಡಿದವಳಲ್ಲ, ಅದೇ ಇನ್ನೂ ಕಷ್ಟವಾಗಿತ್ತು.

ಆರನೇ ತಿಂಗಳು ಹುಡುಗಿ ಬಂದಾಗ ಬಾಯಕ್ಕ ಕಿಂಡಿಯನ್ನು ದಾಖಲೆ ಕೋಣೆಯ ಗುಮಾಸ್ತರಿಗೆ ಒಪ್ಪಿಸಿ ಹಿಂದೆಯೇ ಹೋದಳು. ಎರಡನೇ ಮಹಡಿಯ ಆ ಕೋಣೆಯ ಬಾಗಿಲಲ್ಲಿ ತಾಯಿಯ ಪಕ್ಕ ನಿಂತಳು. ಬೇರಿನ ಡಾಕ್ಟರು ಮೊದಲು ಪಕ್ಕದ ಒಳ್ಳೆಯ ಹಲ್ಲಿಗೆ ಹತ್ತಿ ಮುಟ್ಟಿಸಿದರು. ಹುಡುಗಿ ತಲೆ ಹಿಂದಕ್ಕೆಳೆದಳು. ಆಮೇಲೆ ಆ ಹಲ್ಲಿಗೆ ಮುಟ್ಟಿಸಿ, ಹಿಡಿದರು. ಇಪ್ಪತ್ತು ವರ್ಷ ನೋವು ನೋವು ಎಂದು ಬಂದವರನ್ನೇ ನೋಡಿದ ಬಾಯಕ್ಕ, ಮೊದಲ ಸಲ, ಒಂದು ಮಗುವಿಗೆ ನೋವಾಗಲಿ ದೇವರೇ ಎಂದು ಬೇಡಿಕೊಂಡಳು.

ಹುಡುಗಿ ಹುಬ್ಬು ಗಂಟಿಕ್ಕಿದಳು. ಕುರ್ಚಿಯ ತೋಳನ್ನು ಹಿಡಿದಳು. ಮರುಕ್ಷಣ ಸ್ಸ್ ಎಂದು ಬಾಯಿ ಮುಚ್ಚಿಕೊಂಡು ಡಾಕ್ಟರ ಕೈಯನ್ನು ದೂಡಿಬಿಟ್ಟಳು.

ಬಾಯಕ್ಕ ಕುರ್ಚಿಯ ಹತ್ತಿರ ಹೋಗಿ ಬಗ್ಗಿದಳು. ಅವಳ ಆ ದೊಡ್ಡ ಗಂಟಲು ಎಲ್ಲಿ ಹೋಗಿತ್ತೋ, ಮಾತು ಪಿಸುದನಿಯಲ್ಲಿ ಬಂತು.

"ನಿಜವಾಗ್ಲೂ ನೋಯ್ತಾ ಪುಟ್ಟಿ?"

"ತುಂಬಾ ನೋಯ್ತು ಅಕ್ಕ," ಎಂದಳು ಹುಡುಗಿ, ಕಣ್ಣಲ್ಲಿ ನೀರು ತುಂಬಿಕೊಂಡು.

"ಇನ್ನೊಂದ್ಸಲ ಹೇಳಮ್ಮ," ಎಂದು ಬಾಯಕ್ಕ ಅಳುತ್ತಲೇ ನಗತೊಡಗಿದಳು.